ನಿಂತ ಕೆಲಸ ಮುಂದಕ್ಕೆ ಹೋಗಬೇಕು: ಸಾಫ್ಟ್‌ವೇರ್ ಸಹಾಯ ಲೇಖನ ಬರೆಯುವ ಬಗೆ

ಶನಿವಾರ ಮಧ್ಯಾಹ್ನ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಆಫೀಸು. ಬಟವಾಡೆಗೆ ಆಳುಗಳು ಬಂದು ಹೊರಗೆ ಜಗಲಿ ಮೇಲೆ ಕೂತಿದ್ದಾರೆ. ಒಳಗೆ ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಮೊಬೈಲ್ ಇದೆ. ಒಬ್ಬರಿಗೆ ಕೊಟ್ಟಿದ್ದ ಅಡ್ವಾನ್ಸನ್ನು ಈ ವಾರದ ಕೂಲಿಯಲ್ಲಿ ಮುರಿದುಕೊಳ್ಳಬೇಕು. ಅದನ್ನು ಆ್ಯಪ್‌ನಲ್ಲಿ ಎಲ್ಲಿ ಹಾಕುವುದು ಅಂತ ಗೊತ್ತಾಗುತ್ತಿಲ್ಲ. ಅವರು 'ಸಹಾಯ' ಅಂತ ಇರುವ ಕಡೆ ಒತ್ತುತ್ತಾರೆ.

ನಾನು ಬರೆಯುವುದು ಆ ಒತ್ತಿದ ಮೇಲೆ ಕಾಣಿಸುವ ಪುಟವನ್ನು. ಚಿಕ್ಕಮಗಳೂರಿನಲ್ಲಿ ಕೂತು, ತೋಟದ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್‌ಗೆ ಸಹಾಯ ಲೇಖನ ಬರೆಯುವುದು ನನ್ನ ಕೆಲಸ. ನೀವು ಸಹಕಾರ ಸಂಘದ ಬಿಲ್ಲಿಂಗ್‌ಗೋ, ಶಾಲೆಯ ಫೀಸು ಲೆಕ್ಕಕ್ಕೋ, ಬೇರೆ ಯಾವುದೋ ಆ್ಯಪ್‌ಗೋ ಬರೆಯುತ್ತಿರಬಹುದು. ಓದುವವರ ಸ್ಥಿತಿ ಮಾತ್ರ ಎಲ್ಲ ಕಡೆ ಒಂದೇ. ಅವರ ಕೆಲಸ ಅರ್ಧಕ್ಕೆ ನಿಂತಿದೆ, ಹೊರಗೆ ಯಾರೋ ಕಾಯುತ್ತಿದ್ದಾರೆ. ಸಾಫ್ಟ್‌ವೇರ್ ಬಗ್ಗೆ ತಿಳಿದುಕೊಳ್ಳೋಣ ಅಂತ ಯಾರೂ ಆ ಪುಟಕ್ಕೆ ಬರುವುದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಏನು ಬರೆಯಬೇಕು, ಏನು ಬಿಡಬೇಕು ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನ ಆಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ

ಏನು ಬರೆಯಬೇಕು ಅಂತ ಸಾಫ್ಟ್‌ವೇರ್‌ನ ಮೆನು ನೋಡಿ ಪಟ್ಟಿ ಮಾಡಬೇಡಿ. ಶುರುವಿನಲ್ಲಿ ನಾನು ಹಾಗೇ ಮಾಡಿದ್ದೆ. ಮೆನುವಿನಲ್ಲಿ ಎಷ್ಟು ಸಾಲು ಇದ್ದವೋ ಅಷ್ಟೂ ಲೇಖನ ಬರೆದೆ. ಫೋನ್ ಕರೆಗಳು ಕಡಿಮೆ ಆಗಲಿಲ್ಲ. ಜನ ಮೆನು ಪ್ರಕಾರ ಯೋಚನೆ ಮಾಡುವುದಿಲ್ಲ ಅಲ್ವಾ? ತಮ್ಮ ಕೆಲಸದ ಪ್ರಕಾರ ಯೋಚನೆ ಮಾಡುತ್ತಾರೆ.

ಈಗ ಫೋನ್ ಪಕ್ಕ ಒಂದು ನೋಟ್‌ಬುಕ್ ಇದೆ. ಯಾರೇ ಫೋನ್ ಮಾಡಿದರೂ ಅವರು ಕೇಳಿದ ಮಾತನ್ನು ಹಾಗೇ ಬರೆದುಕೊಳ್ಳುತ್ತೇನೆ. ತಿದ್ದುವುದಿಲ್ಲ, ನಮ್ಮ ಆಫೀಸಿನ ಮಾತಿಗೆ ಬದಲಾಯಿಸುವುದಿಲ್ಲ. "ಅಡ್ವಾನ್ಸ್ ಮುರಿಯೋದು ಎಲ್ಲಿ ಮೇಡಂ?" "ಅರ್ಧ ದಿನದ ಹಾಜರಿ ಹೆಂಗೆ ಹಾಕೋದು?" "ಹಣ್ಣು ಕುಯ್ಯೋರಿಗೆ ಕೆ.ಜಿ. ಲೆಕ್ಕ, ಇದು ದಿನದ ಕೂಲಿ ತೋರಿಸ್ತಿದೆ." ಎರಡು ವಾರ ಹೀಗೆ ಬರೆದುಕೊಂಡರೆ ಸಾಕು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ಕಣ್ಣಿಗೆ ಕಾಣುತ್ತದೆ. ಜಾಸ್ತಿ ಸಲ ಬಂದ ಪ್ರಶ್ನೆಗೆ ಮೊದಲು ಲೇಖನ ಬರೆಯಿರಿ.

ಕಾಲ ನೋಡುವುದನ್ನೂ ಮರೆಯಬೇಡಿ. ನಮ್ಮ ಕಡೆ ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗುತ್ತದೆ, ಅದರ ಹಿಂದೆಯೇ ರೊಬಸ್ಟಾ. ಆಗ ಬರುವ ಪ್ರಶ್ನೆಯೆಲ್ಲ ಕೆ.ಜಿ. ಲೆಕ್ಕದ್ದು. ಆ ಲೇಖನ ಅಕ್ಟೋಬರ್‌ನಲ್ಲೇ ತಯಾರಾಗಿ ಇರಬೇಕು.

ತಲೆಬರಹದಲ್ಲಿ ಅವರ ಮಾತೇ ಇರಲಿ

ನಮ್ಮ ಸಾಫ್ಟ್‌ವೇರ್‌ನಲ್ಲಿ ಆ ಜಾಗಕ್ಕೆ 'ಮುಂಗಡ ಹೊಂದಾಣಿಕೆ' ಅಂತ ಹೆಸರು. ಮೊದಲಿನ ಲೇಖನಕ್ಕೂ ಅದೇ ತಲೆಬರಹ ಕೊಟ್ಟಿದ್ದೆವು. ತೋಟದಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಹುಡುಕುವ ಜಾಗದಲ್ಲಿ ಅವರು 'ಅಡ್ವಾನ್ಸ್' ಅಂತ ಬರೆದರೆ ಲೇಖನ ಸಿಗುತ್ತಿರಲಿಲ್ಲ. ಇದ್ದೂ ಇಲ್ಲದ ಹಾಗೆ ಆಗಿತ್ತು.

ಈಗಿನ ತಲೆಬರಹ ಹೀಗಿದೆ: 'ಕೊಟ್ಟ ಅಡ್ವಾನ್ಸನ್ನು ಬಟವಾಡೆಯಲ್ಲಿ ಮುರಿಯುವುದು ಹೇಗೆ?' ಅದರ ಕೆಳಗಿನ ಮೊದಲ ಸಾಲಿನಲ್ಲಿ 'ಮುಂಗಡ ಹೊಂದಾಣಿಕೆ' ಅನ್ನುವ ಹೆಸರೂ ಬರುತ್ತದೆ. ಯಾಕೆಂದರೆ ತೆರೆಯ ಮೇಲೆ ಕಾಣುವುದು ಅದು. ಅವರ ಮಾತಿನಿಂದ ಶುರು ಮಾಡಿ ತೆರೆಯ ಮಾತಿಗೆ ಕರೆದುಕೊಂಡು ಹೋಗಬೇಕು.

ಹುಡುಕುವವರಲ್ಲಿ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಜರಿ, ಬಟವಾಡೆ ಅನ್ನುವುದನ್ನೂ ಹಾಗೇ ಟೈಪ್ ಮಾಡುತ್ತಾರೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಲೇಖನಕ್ಕೆ ಹುಡುಕು-ಪದ ಸೇರಿಸುವ ಜಾಗ ಇದ್ದರೆ ಆ ಬರಹವನ್ನೂ ಅಲ್ಲಿ ಸೇರಿಸಿ. ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಲೇಖನವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿಯಲ್ಲೇ, ಟೈಪ್ ಮಾಡಿ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಮಾಡಿಟ್ಟ ಕಡತಗಳು ಈಗಲೂ ತುಂಬಾ ಆಫೀಸುಗಳಲ್ಲಿ ಇವೆ. ಅದನ್ನು ಹಾಗೇ ತಂದು ಅಂಟಿಸಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಎರಡರಲ್ಲೂ ಯೂನಿಕೋಡ್ ಟೈಪ್ ಮಾಡುವ ದಾರಿ ಇದೆ. ಹಳೆಯದನ್ನು ಬದಲಾಯಿಸುವ ಪರಿವರ್ತಕಗಳೂ ಇವೆ.

ಮೊದಲ ಎರಡು ಸಾಲು

'ನಮ್ಮ ಸಾಫ್ಟ್‌ವೇರ್‌ಗೆ ಸ್ವಾಗತ, ಇದು ನಿಮ್ಮ ತೋಟದ ನಿರ್ವಹಣೆಯನ್ನು ಸುಲಭಗೊಳಿಸುತ್ತದೆ' ಅನ್ನುವಂಥದ್ದನ್ನೆಲ್ಲ ತೆಗೆಯಿರಿ. ಜನ ವೆಬ್‌ಸೈಟ್, ಸಾಫ್ಟ್‌ವೇರ್ ಬಳಸುವ ಬಗೆಯನ್ನು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್‌ನವರು 2006ರಲ್ಲಿ 232 ಜನ ವೆಬ್ ಪುಟಗಳನ್ನು ನೋಡುವಾಗ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅಂತ ಅಳೆದರು. ಮೇಲಿನ ಸಾಲುಗಳ ಮೇಲೆ ಕಣ್ಣು ಅಡ್ಡಲಾಗಿ ಓಡುತ್ತದೆ. ಆಮೇಲೆ ಎಡ ಅಂಚು ಹಿಡಿದು ಸುಮ್ನೆ ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ಅಂದರೆ ಮೇಲಿನ ಎರಡು ಸಾಲು, ಮತ್ತೆ ಪ್ರತಿ ಸಾಲಿನ ಮೊದಲ ಪದ, ಇವು ತುಂಬಾ ಬೆಲೆಯ ಜಾಗ. ಅಲ್ಲಿ ಎರಡೇ ಸಂಗತಿ ಇರಲಿ: ಇದರಿಂದ ಯಾವ ಕೆಲಸ ಆಗುತ್ತದೆ, ಶುರು ಮಾಡುವ ಮೊದಲು ಕೈಯಲ್ಲಿ ಏನು ಇರಬೇಕು.

ಆ ಎರಡನೆಯದನ್ನು ಜನ ಬರೆಯುವುದೇ ಇಲ್ಲ. ಐದು ಹೆಜ್ಜೆ ಮಾಡಿದ ಮೇಲೆ ಓಟಿಪಿ ಕೇಳುತ್ತದೆ. ಓಟಿಪಿ ಹೋಗುವುದು ಮಾಲೀಕರ ನಂಬರಿಗೆ. ಮಾಲೀಕರು ಬೆಂಗಳೂರಿನಲ್ಲಿ ಇದ್ದಾರೆ, ಫೋನ್ ಎತ್ತುತ್ತಿಲ್ಲ. ಮಾಡಿದ್ದೆಲ್ಲ ಹಾಳು. 'ಶುರು ಮಾಡುವ ಮೊದಲು: ನೋಂದಣಿ ಆದ ಮೊಬೈಲ್ ಪಕ್ಕದಲ್ಲಿರಲಿ' ಅಂತ ಒಂದು ಸಾಲು ಇದ್ದಿದ್ದರೆ ಅವರು ಮೊದಲೇ ಫೋನ್ ಮಾಡಿ ಹೇಳಿ ಇಟ್ಟುಕೊಳ್ಳುತ್ತಿದ್ದರು.

ಹೆಜ್ಜೆಗಳು

ಒಂದು ಹೆಜ್ಜೆಗೆ ಒಂದು ಕೆಲಸ. ಹೆಜ್ಜೆಗೆ ನಂಬರ್ ಹಾಕಿ. ಈ ಎರಡನ್ನೂ ಎಲ್ಲರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಎದುರಾಗುವ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಹಾಯ ಲೇಖನಕ್ಕೆ ಇದು ದೊಡ್ಡ ಅನುಕೂಲ. 'ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ' ಅಂತ ಬರೆದರೆ ಓದುವವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ, ಆಮೇಲೆ ಬಲಕ್ಕೆ, ಆಮೇಲೆ ಚುಕ್ಕಿಗೆ. ಅಷ್ಟೊತ್ತಿಗೆ 'ಒತ್ತಿ' ಬರುತ್ತದೆ. ಕೈ ಅಲ್ಲೇ ಇರುತ್ತದೆ. ಷರತ್ತು ಇದ್ದರೂ ಅಷ್ಟೇ. 'ಕೆ.ಜಿ. ಲೆಕ್ಕದ ಆಳಾದರೆ, ತೂಕ ಬರೆಯಿರಿ.' ದಿನದ ಕೂಲಿಯವರ ಲೆಕ್ಕ ಹಾಕುತ್ತಿರುವವರು ಮೊದಲ ಮಾತಿಗೇ ಇದು ನಮಗಲ್ಲ ಅಂತ ಮುಂದಿನ ಹೆಜ್ಜೆಗೆ ಹೋಗುತ್ತಾರೆ.

ಇದೇ ಗುಣ ಕಾಲಿಗೆ ತೊಡರುವುದೂ ಉಂಟು. 'ನೀವು ಹಿಂದಿನ ವಾರ ಸೇರಿಸಿದ, ಇನ್ನೂ ಹಾಜರಿ ಹಾಕದ ಆಳಿನ ಹೆಸರಿನ ಮುಂದೆ ಕಾಣುವ ಪೆನ್ಸಿಲ್ ಗುರುತನ್ನು ಒತ್ತಿ.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಏನು ಮಾಡಬೇಕು ಅಂತ ತಿಳಿಯಲು ಕೊನೆಯ ಪದದವರೆಗೆ ಎಲ್ಲವನ್ನೂ ತಲೆಯಲ್ಲಿ ಹೊರಬೇಕು. ಇಂಥದ್ದನ್ನು ಮುರಿಯಿರಿ. 'ಪಟ್ಟಿಯಲ್ಲಿ ಆಳಿನ ಹೆಸರು ಹುಡುಕಿ. ಹೆಸರಿನ ಮುಂದೆ ಪೆನ್ಸಿಲ್ ಗುರುತು ಇದೆ. ಅದನ್ನು ಒತ್ತಿ.' ಮೂರು ಚಿಕ್ಕ ಸಾಲು, ಮೂರು ಸಲ ಉಸಿರು.

'ಮಾಡಲ್ಪಡುತ್ತದೆ', 'ಉಳಿಸಲಾಗುವುದು' ಬೇಡ. ಯಾರು ಮಾಡಬೇಕು ಅನ್ನುವುದು ಅಲ್ಲಿ ಮಾಯವಾಗುತ್ತದೆ. ಓದುವವರು ಮಾಡಬೇಕಾ, ಸಾಫ್ಟ್‌ವೇರ್ ತಾನೇ ಮಾಡುತ್ತದಾ? ಅವರು ಕಾಯುತ್ತಾ ಕೂರುತ್ತಾರೆ. ಅವರು ಮಾಡುವುದಕ್ಕೆ 'ಒತ್ತಿ', 'ಬರೆಯಿರಿ', 'ಆರಿಸಿ' ಅನ್ನಿ. ಸಾಫ್ಟ್‌ವೇರ್ ಮಾಡುವುದಕ್ಕೆ 'ಪಟ್ಟಿ ತೆರೆಯುತ್ತದೆ', 'ಲೆಕ್ಕ ತಾನಾಗಿ ಬರುತ್ತದೆ' ಅನ್ನಿ. ಇನ್ನೊಂದು ಕಡೆ 'ಗುಪ್ತಪದ', 'ಗಣಕಯಂತ್ರ' ಅಂತ ಬರೆಯಲೂ ಹೋಗಬೇಡಿ. ಪಾಸ್‌ವರ್ಡ್, ಕಂಪ್ಯೂಟರ್, ಸೇವ್, ಡೌನ್‌ಲೋಡ್. ಜನರ ಬಾಯಲ್ಲಿ ಇರುವುದು ಇದೇ.

ಬಟನ್ ಹೆಸರನ್ನು ತೆರೆಯ ಮೇಲೆ ಹೇಗಿದೆಯೋ ಹಾಗೇ ಬರೆಯಿರಿ. ತೆರೆಯಲ್ಲಿ 'ಉಳಿಸಿ' ಅಂತ ಇದ್ದರೆ ಲೇಖನದಲ್ಲಿ 'ಸೇವ್' ಅಂತ ಬರೆಯಬಾರದು. ಬಟನ್ ಮೇಲೆ ಇಂಗ್ಲಿಷ್ ಅಕ್ಷರ ಇದ್ದರೆ ಲೇಖನದಲ್ಲೂ ಅದೇ ಅಕ್ಷರ ಇರಲಿ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರಲಿ. ಇಂಗ್ಲಿಷ್ ಓದಲು ಬಾರದವರೂ ಅಕ್ಷರದ ರೂಪ ಹೊಂದಿಸಿ ನೋಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ನೀವು ಅದನ್ನು ಕನ್ನಡ ಅಕ್ಷರಕ್ಕೆ ತಿರುಗಿಸಿದರೆ ಆ ದಾರಿಯೂ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಸೇರಿಸಿದರೆ ಒಂದು ಲೇಖನ ಹೇಗೆ ಕಾಣುತ್ತದೆ ಅಂತ ನೋಡಿ:

ಕೊಟ್ಟ ಅಡ್ವಾನ್ಸನ್ನು ಬಟವಾಡೆಯಲ್ಲಿ ಮುರಿಯುವುದು ಹೇಗೆ?
ಒಬ್ಬರಿಗೆ ಕೊಟ್ಟ ಅಡ್ವಾನ್ಸನ್ನು ಈ ವಾರದ ಕೂಲಿಯಿಂದ ಕಳೆಯಲು 'ಮುಂಗಡ ಹೊಂದಾಣಿಕೆ' ಬಳಸಿ. ಶುರು ಮಾಡುವ ಮೊದಲು ಈ ವಾರದ ಹಾಜರಿ ಪೂರ್ತಿ ಹಾಕಿರಬೇಕು.
1. ಕೆಳಗಿನ ಸಾಲಿನಲ್ಲಿ 'ಬಟವಾಡೆ' ಒತ್ತಿ. ಆಳುಗಳ ಪಟ್ಟಿ ಕಾಣುತ್ತದೆ.
2. ಪಟ್ಟಿಯಲ್ಲಿ ಆಳಿನ ಹೆಸರು ಒತ್ತಿ. ಅವರ ಈ ವಾರದ ಕೂಲಿ ಕಾಣುತ್ತದೆ.
3. ಕೂಲಿಯ ಕೆಳಗೆ 'ಮುಂಗಡ ಹೊಂದಾಣಿಕೆ' ಒತ್ತಿ.
4. ಎಷ್ಟು ರೂಪಾಯಿ ಮುರಿಯಬೇಕೋ ಅಷ್ಟು ಬರೆಯಿರಿ. ಪೂರ್ತಿ ಅಡ್ವಾನ್ಸ್ ಒಂದೇ ಸಲ ಮುರಿಯಬೇಕು ಅಂತಿಲ್ಲ.
5. 'ಉಳಿಸಿ' ಒತ್ತಿ. 'ಕೈಗೆ ಸಿಗುವ ಹಣ' ಅಷ್ಟು ಕಡಿಮೆ ಆಗಿರುತ್ತದೆ.
ಹಣ ಕಡಿಮೆ ಆಗಿಲ್ಲವೇ? ಆ ಅಡ್ವಾನ್ಸ್ ಬೇರೆ ಆಳಿನ ಹೆಸರಿನಲ್ಲಿ ದಾಖಲಾಗಿರಬಹುದು. 'ಅಡ್ವಾನ್ಸ್ ಪಟ್ಟಿ'ಯಲ್ಲಿ ಹೆಸರು ನೋಡಿ.

ಅಷ್ಟೇ. ಪ್ರತಿ ಹೆಜ್ಜೆಗೂ 'ಆಮೇಲೆ ಏನು ಕಾಣುತ್ತದೆ' ಅಂತ ಬರೆಯಬೇಕಿಲ್ಲ. ತೆರೆ ಬದಲಾಗುವ ಕಡೆ ಬರೆಯಿರಿ. ದಾರಿ ಸರಿ ಇದೆ ಅಂತ ಅವರಿಗೆ ಧೈರ್ಯ ಬರುತ್ತದೆ.

ಆ ಲೇಖನದ ಕೊನೆಯಲ್ಲಿ ಇರುವ 'ಹಣ ಕಡಿಮೆ ಆಗಿಲ್ಲವೇ?' ಅನ್ನುವ ಸಾಲನ್ನು ಗಮನಿಸಿ. 1980ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಸಂಶೋಧಕ ಜಾನ್ ಕ್ಯಾರಲ್ ಮತ್ತು ಜೊತೆಗಾರರು ಹೊಸಬರು ಕಂಪ್ಯೂಟರ್ ಕಲಿಯುವುದನ್ನು ಹತ್ತಿರದಿಂದ ನೋಡಿದರು. ಜನ ಕೈಪಿಡಿ ಓದಿ ಆಮೇಲೆ ಕೆಲಸ ಮಾಡುವುದಿಲ್ಲ, ನೇರ ಕೆಲಸಕ್ಕೆ ಕೈ ಹಾಕುತ್ತಾರೆ, ದಾರಿ ತಪ್ಪುತ್ತಾರೆ, ಆಗ ಓದುತ್ತಾರೆ ಅಂತ ಕಂಡುಕೊಂಡರು. ಹಾಗಾಗಿ ಅವರು ಕೈಪಿಡಿಯನ್ನು ತುಂಬಾ ಚಿಕ್ಕದು ಮಾಡಿದರು. ತಪ್ಪಾದರೆ ಸರಿಪಡಿಸುವ ದಾರಿಯನ್ನು ಮಾತ್ರ ಬಿಡದೆ ಸೇರಿಸಿದರು. ತೋಟದ ಆಫೀಸಿನಲ್ಲಿ ನಾನು ನೋಡುವುದೂ ಅದನ್ನೇ.

ಒಂದೇ ಮೊಬೈಲ್‌ನಲ್ಲಿ ಎರಡು ಕೆಲಸ

ಬರೆಯುವವರ ಮುಂದೆ ದೊಡ್ಡ ತೆರೆ ಇರುತ್ತದೆ. ಒಂದು ಕಡೆ ಲೇಖನ, ಇನ್ನೊಂದು ಕಡೆ ಸಾಫ್ಟ್‌ವೇರ್. ನಮ್ಮ ಓದುಗರ ಹತ್ತಿರ ಇರುವುದು ಒಂದು ಮೊಬೈಲ್. ಲೇಖನ ಓದಬೇಕು, ಅದನ್ನು ಬಿಟ್ಟು ಆ್ಯಪ್‌ಗೆ ಹೋಗಬೇಕು, ಮಾಡಬೇಕು, ಮತ್ತೆ ಲೇಖನಕ್ಕೆ ಬರಬೇಕು. ಮಧ್ಯದಲ್ಲಿ ಯಾರದೋ ಫೋನ್ ಬರುತ್ತದೆ. ವಾಪಸ್ ಬಂದಾಗ ಎಲ್ಲಿ ನಿಲ್ಲಿಸಿದ್ದೆ ಅಂತ ಗೊತ್ತಾಗುವುದಿಲ್ಲ.

ಇದನ್ನು ತಿಳಿದ ಮೇಲೆ ನನ್ನ ಬರವಣಿಗೆ ಬದಲಾಯಿತು. ಒಂದು ಹೆಜ್ಜೆ ಅಂದರೆ, ಒಮ್ಮೆ ಓದಿ, ಆ್ಯಪ್‌ಗೆ ಹೋಗುವವರೆಗೆ ನೆನಪಿನಲ್ಲಿ ಉಳಿಯುವಷ್ಟು. ನಂಬರ್ ಇದ್ದರೆ 'ನಾನು 3 ಮುಗಿಸಿದ್ದೆ' ಅಂತ ನೆನಪಾಗುತ್ತದೆ. ಲೇಖನ ಏಳೆಂಟು ಹೆಜ್ಜೆ ದಾಟಿದರೆ ಎರಡಾಗಿ ಒಡೆಯುತ್ತೇನೆ. ಆಪ್‌ನ ಒಳಗೇ ಆ ಜಾಗದ ಪಕ್ಕದಲ್ಲಿ ಪ್ರಶ್ನಾರ್ಥಕ ಗುರುತು ಇಟ್ಟು, ಒತ್ತಿದರೆ ಎರಡು ಸಾಲು ಕಾಣುವ ಹಾಗೆ ಮಾಡಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಪ್ರೋಗ್ರಾಮ್ ಬರೆಯುವವರನ್ನು ಒಪ್ಪಿಸಬೇಕು. ನಾನು ಒಪ್ಪಿಸಲು ಒಂದು ವರ್ಷ ತಗೊಂಡೆ, ಆ ವರ್ಷ ವ್ಯರ್ಥ ಆಗಲಿಲ್ಲ.

ನೆಟ್‌ವರ್ಕ್ ವಿಷಯವೂ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಮಳೆಗಾಲದಲ್ಲಿ ಅದೂ ಇಲ್ಲ. ಚಿತ್ರ ತೆರೆಯದೇ ಹೋದರೂ ಬರಹ ಒಂದರಿಂದಲೇ ಕೆಲಸ ಆಗಬೇಕು. ವಿಡಿಯೋ ಬೇಕಿದ್ದರೆ ಹೆಚ್ಚುವರಿಯಾಗಿ ಇರಲಿ, ಅದೊಂದನ್ನೇ ನಂಬಬೇಡಿ.

ಎಚ್ಚರಿಕೆ ಯಾವ ಸಾಲಿನಲ್ಲಿ ಇರಬೇಕು

ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ. 'ವಾರ ಮುಚ್ಚಿ' ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದ ಮೇಲೆ ಆ ವಾರದ ಹಾಜರಿ ತಿದ್ದಲು ಆಗುವುದಿಲ್ಲ. ನಾನು ಲೇಖನದಲ್ಲಿ ಬರೆದಿದ್ದೆ: '6. ವಾರ ಮುಚ್ಚಿ ಒತ್ತಿ.' ಅದರ ಕೆಳಗಿನ ಸಾಲು: 'ಗಮನಿಸಿ: ಇದಾದ ಮೇಲೆ ಹಾಜರಿ ತಿದ್ದಲು ಆಗುವುದಿಲ್ಲ.' ಒಬ್ಬ ರೈಟರ್ ಆರನೇ ಹೆಜ್ಜೆ ಓದಿದರು, ಆ್ಯಪ್‌ಗೆ ಹೋದರು, ಒತ್ತಿದರು. ಶನಿವಾರದ ಹಾಜರಿ ಇನ್ನೂ ಹಾಕಿರಲಿಲ್ಲ. ಹನ್ನೊಂದು ಜನರ ಒಂದು ದಿನದ ಕೂಲಿ ಆ ವಾರ ಸಿಗಲಿಲ್ಲ, ಮುಂದಿನ ವಾರಕ್ಕೆ ಹೋಯಿತು.

ಅವರು ಫೋನ್ ಮಾಡಿ, "ಮೇಡಂ, ನೀವು ಬರೆದಿದ್ರಿ, ನಿಜ. ಆದ್ರೆ ಒತ್ತಿದ ಮೇಲೆ ಓದ್ದೆ" ಅಂದರು. ಬೈಯಲಿಲ್ಲ. ತಪ್ಪು ನನ್ನದು. ಓದಿದ ಕ್ರಮದಲ್ಲೇ ಜನ ಮಾಡುತ್ತಾರೆ. ಹಿಂದಕ್ಕೆ ತರಲಾಗದ ಯಾವುದೇ ಕೆಲಸ ಇರಲಿ, ಎಚ್ಚರಿಕೆ ಆ ಹೆಜ್ಜೆಗಿಂತ ಮೊದಲಿನ ಸಾಲಿನಲ್ಲೇ ಬರಬೇಕು. ಅದರಲ್ಲಿ ಏನು ನಷ್ಟ ಆಗುತ್ತದೆ, ಮೊದಲು ಏನು ನೋಡಿಕೊಳ್ಳಬೇಕು, ಎರಡೂ ಇರಬೇಕು. ಸುಮ್ನೆ 'ಎಚ್ಚರ ವಹಿಸಿ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಲ್ಲ ಸಾಲಿಗೂ 'ಗಮನಿಸಿ' ಹಾಕಿದರೆ ನಿಜವಾದ ಎಚ್ಚರಿಕೆ ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ಒಂದು ಲೇಖನದಲ್ಲಿ ಒಂದು, ತೀರಾ ಅಂದರೆ ಎರಡು.

ಚಿತ್ರಗಳು

ಪೂರ್ತಿ ತೆರೆಯ ಚಿತ್ರ ಹಾಕಬೇಡಿ, ಬೇಕಾದ ಭಾಗ ಕತ್ತರಿಸಿ. ಆದರೆ ಪಕ್ಕದ ಒಂದೆರಡು ಗುರುತು ಉಳಿಯುವಷ್ಟು ಬಿಡಿ, ಇಲ್ಲದಿದ್ದರೆ ಅದು ತೆರೆಯ ಯಾವ ಮೂಲೆ ಅಂತ ಗೊತ್ತಾಗುವುದಿಲ್ಲ. ಒಂದು ಚಿತ್ರಕ್ಕೆ ಒಂದು ಬಾಣ. 'ಕೆಂಪು ಬಟನ್ ಒತ್ತಿ' ಅಂತ ಬಣ್ಣ ಒಂದನ್ನೇ ಹೇಳಬೇಡಿ. ಕೆಂಪು ಹಸಿರು ಬೇರೆ ಮಾಡಿ ನೋಡಲು ಆಗದವರು ಇದ್ದಾರೆ. ಹೆಸರನ್ನೂ ಹೇಳಿ. ಕಣ್ಣು ಕಾಣದವರ ಮೊಬೈಲ್ ತೆರೆಯನ್ನು ಓದಿ ಹೇಳುತ್ತದೆ, ಅವರಿಗಾಗಿ ಚಿತ್ರದ ಜೊತೆ ಒಂದು ಸಾಲಿನ ವಿವರಣೆ ಸೇರಿಸಿ.

ನಿಜವಾದ ತೋಟದ ಲೆಕ್ಕದಿಂದ ಚಿತ್ರ ತೆಗೆಯಲೇಬೇಡಿ. ಆಳಿನ ಹೆಸರು, ಆಧಾರ್, ಬ್ಯಾಂಕ್ ಖಾತೆ, ಕೂಲಿ, ಎಲ್ಲ ಅದರಲ್ಲಿ ಇರುತ್ತದೆ. ಮಸುಕು ಮಾಡಿದರೆ ಸಾಲದು, ಮಸುಕು ಮಾಡಿದ ಅಂಕಿಗಳನ್ನು ಕೆಲವು ಸಲ ಮತ್ತೆ ಓದಲು ಆಗುತ್ತದೆ. ಸುಳ್ಳು ಹೆಸರು, ಸುಳ್ಳು ಅಂಕಿ ಹಾಕಿದ ಒಂದು ಮಾದರಿ ತೋಟವನ್ನೇ ಸಾಫ್ಟ್‌ವೇರ್‌ನಲ್ಲಿ ಮಾಡಿಟ್ಟುಕೊಳ್ಳಿ. ಒಂದು ದಿನದ ಕೆಲಸ, ವರ್ಷಗಟ್ಟಲೆ ಬಳಕೆಗೆ ಬರುತ್ತದೆ.

ತೆರೆಯ ಮೇಲೆ ತಪ್ಪಿನ ಸಂದೇಶ ಬಂದರೆ ಅದನ್ನು ಅಕ್ಷರ ಬಿಡದೆ ಲೇಖನದಲ್ಲಿ ಟೈಪ್ ಮಾಡಿ, ಚಿತ್ರವಾಗಿ ಬೇಡ. ಜನ ಅದೇ ಸಾಲನ್ನು ನಕಲು ಮಾಡಿ ಹುಡುಕುತ್ತಾರೆ.

ಪಕ್ಕದಲ್ಲಿ ಕೂತು ನೋಡಿ

ಬರೆದು ಮುಗಿದ ಮೇಲೆ ಮಾಡಲೇಬೇಕಾದ ಕೆಲಸ ಇದು. ಆ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಅವರದೇ ಮೊಬೈಲ್‌ನಲ್ಲಿ ಲೇಖನ ತೆರೆದು ಕೊಡಿ. "ಇದನ್ನ ನೋಡಿ ಅಡ್ವಾನ್ಸ್ ಮುರೀರಿ" ಅನ್ನಿ. ಆಮೇಲೆ ಬಾಯಿ ಮುಚ್ಚಿ ಕೂತುಕೊಳ್ಳಿ. ಇದು ತುಂಬಾ ಕಷ್ಟ. ಅವರ ಬೆರಳು ತಪ್ಪು ಬಟನ್ ಕಡೆ ಹೋಗುವಾಗ ಹೇಳಿಬಿಡಬೇಕು ಅನ್ನಿಸುತ್ತದೆ. ಹೇಳಬೇಡಿ. ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದರು, ಅಷ್ಟನ್ನೇ ಬರೆದುಕೊಳ್ಳಿ. ತಿದ್ದಬೇಕಾದ ಸಾಲು ಅದೇ.

ಅವರು "ಎಲ್ಲ ಅರ್ಥ ಆಯ್ತು" ಅಂದರೆ ಅದನ್ನು ಲೆಕ್ಕಕ್ಕೆ ಇಡಬೇಡಿ. ನಮ್ಮ ಕಡೆಯವರು ಎದುರಿಗೆ ಕೂತವರಿಗೆ ಬೇಜಾರಾಗಬಾರದು ಅಂತ ಹಾಗೇ ಹೇಳುತ್ತಾರೆ. ಕೆಲಸ ಮುಗಿಯಿತೋ ಇಲ್ಲವೋ ಅದನ್ನು ನೋಡಿ. ಎಷ್ಟು ಜನರನ್ನು ನೋಡಬೇಕು? ಮೇಲೆ ಹೇಳಿದ ನೀಲ್ಸನ್ ನಾರ್ಮನ್ ಗ್ರೂಪ್‌ನ ಜಾಕೋಬ್ ನೀಲ್ಸನ್ 2000ದಲ್ಲಿ ಐದು ಜನ ಸಾಕು ಅಂತ ಬರೆದರು. ಐದು ಜನರಲ್ಲೇ ಹೆಚ್ಚಿನ ತೊಂದರೆಗಳು ಹೊರಬರುತ್ತವೆ, ಆಮೇಲೆ ಅವೇ ಮತ್ತೆ ಮತ್ತೆ ಬರುತ್ತವೆ ಅನ್ನುವುದು ಅವರ ಲೆಕ್ಕ. ನನ್ನ ಕೈಗೆ ಸಿಗುವುದು ಇಬ್ಬರೋ ಮೂವರೋ. ಮೊದಲನೆಯವರಿಂದಲೇ ಅರ್ಧ ಲೇಖನ ಬದಲಾಗುತ್ತದೆ.

ಹಾಕಿದ ಮೇಲೆ

ನೋಟ್‌ಬುಕ್ ಮುಂದುವರಿಸಿ. ಲೇಖನ ಹಾಕಿದ ಮೇಲೂ ಅದೇ ಪ್ರಶ್ನೆ ಬರುತ್ತಿದೆಯಾ? ಬಂದರೆ, "ಲೇಖನ ನೋಡಿದ್ರಾ?" ಅಂತ ಕೇಳಿ. ನೋಡಿಲ್ಲ ಅಂದರೆ ತಲೆಬರಹದಲ್ಲೋ ಅದು ಸಿಗುವ ಜಾಗದಲ್ಲೋ ತೊಂದರೆ ಇದೆ. ನೋಡಿದರೂ ಆಗಲಿಲ್ಲ ಅಂದರೆ ಹೆಜ್ಜೆಯಲ್ಲಿ ತೊಂದರೆ. ಎರಡೂ ಬೇರೆ ಬೇರೆ ರಿಪೇರಿ. ಹುಡುಕಿದರೂ ಏನೂ ಸಿಗದ ಪದಗಳ ಪಟ್ಟಿ ನಿಮ್ಮ ಸಾಫ್ಟ್‌ವೇರ್ ಕೊಡುವುದಾದರೆ ತಿಂಗಳಿಗೊಮ್ಮೆ ಓದಿ. ಮುಂದಿನ ಲೇಖನಗಳು ಅಲ್ಲೇ ಇವೆ.

ಬಟನ್ ಹೆಸರು ಬದಲಾದ ದಿನವೇ ಲೇಖನವೂ ಬದಲಾಗಬೇಕು. ಪ್ರೋಗ್ರಾಮ್ ಬರೆಯುವವರು ಇದನ್ನು ತಾವಾಗಿ ಬಂದು ಹೇಳುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಹಳೆಯ ಲೇಖನವನ್ನು ತಿದ್ದಿ, ಅದೇ ಲಿಂಕ್ ಉಳಿಸಿ. ಎಷ್ಟೋ ಜನ ಆ ಲಿಂಕನ್ನು ವಾಟ್ಸಾಪ್‌ನಲ್ಲಿ ಇಟ್ಟುಕೊಂಡಿರುತ್ತಾರೆ.

ಹೋದ ಕೊಯ್ಲಿನಲ್ಲಿ ಒಂದು ತೋಟಕ್ಕೆ ಹೋಗಿದ್ದೆ. ರೈಟರ್ ಅವರು ಅಡ್ವಾನ್ಸ್ ಲೇಖನವನ್ನು ಪ್ರಿಂಟ್ ತೆಗೆಸಿ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಒಳರಟ್ಟಿಗೆ ಗೋಂದು ಹಾಕಿ ಅಂಟಿಸಿದ್ದರು. ಮೂರನೇ ಹೆಜ್ಜೆಯ ಬಟನ್ ಹೆಸರು ಅಷ್ಟೊತ್ತಿಗೆ ಬದಲಾಗಿತ್ತು. ಅವರು ಪೆನ್ನಿನಲ್ಲಿ ಅದನ್ನು ಹೊಡೆದು ಹೊಸ ಹೆಸರು ಬರೆದುಕೊಂಡಿದ್ದರು. ಅವತ್ತಿನಿಂದ ಪ್ರತಿ ಲೇಖನದ ಕೆಳಗೆ ಕೊನೆಯ ಸಲ ತಿದ್ದಿದ ತಿಂಗಳು, ವರ್ಷ ಹಾಕುತ್ತಿದ್ದೇನೆ, ಪ್ರಿಂಟ್‌ನಲ್ಲೂ ಕಾಣುವ ಹಾಗೆ. ಹೆಜ್ಜೆಗಳ ಪಕ್ಕ ಪೆನ್ನಿನಲ್ಲಿ ಬರೆದುಕೊಳ್ಳಲು ಸ್ವಲ್ಪ ಜಾಗವನ್ನೂ ಬಿಡುತ್ತೇನೆ.